ಸೋತ ಊರಿಗೆ ಮತ್ತೆ ಬನ್ನಿ

ಜಾನ್ಸ್ ಕ್ರೀಕ್, ಜಾರ್ಜಿಯಾ
ಜನವರಿ 2026

ಡೆಮಾಕ್ರಟಿಕ್ ಪಕ್ಷದ ಚುನಾವಣೆ ನಡೆಸುವವರಿಗೂ, ಆ ಚುನಾವಣೆಗೆ ದುಡ್ಡು ಕೊಡುವ ನಮ್ಮ ಕನ್ನಡದ ಜನಕ್ಕೂ,

ನಮಸ್ಕಾರ.

ನಿಮ್ಮಲ್ಲಿ ಮೊದಲಿನವರಿಗೆ ಕನ್ನಡ ಬರುವುದಿಲ್ಲ ಅಂತ ಗೊತ್ತು. ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ತಿಪಟೂರಿನ ನಮ್ಮ ಮನೆಯಲ್ಲಿ ಅಮ್ಮನಿಗೆ ದೊಡ್ಡಪ್ಪನ ಮೇಲೆ ಸಿಟ್ಟು ಬಂದರೆ, ಪಡಸಾಲೆಗೆ ಕೇಳಿಸುವ ಹಾಗೆ ನನ್ನನ್ನು ಬೈಯುತ್ತಿದ್ದರು. ದೊಡ್ಡಪ್ಪನಿಗೆ ತಲುಪಬೇಕಾದ್ದು ತಲುಪುತ್ತಿತ್ತು. ಈ ಪತ್ರವೂ ಹಾಗೇ. ವಾಷಿಂಗ್ಟನ್ನಿನವರಿಗೆ ಕೇಳಿಸಲಿ ಬಿಡಲಿ, ಅಟ್ಲಾಂಟಾ, ಡಲ್ಲಾಸ್, ನ್ಯೂಜೆರ್ಸಿಯಲ್ಲಿ ಕೂತು ಫೋನಿನಲ್ಲೇ ಇಪ್ಪತ್ತೈದು ಡಾಲರ್ ಕಳಿಸುವ ನಮ್ಮವರಿಗಂತೂ ಕೇಳಿಸುತ್ತದೆ.

ವಿಷಯ ಜಾರ್ಜಿಯಾದ 14ನೇ ಕಾಂಗ್ರೆಸ್ (ಅಂದರೆ ಅಮೆರಿಕದ ಸಂಸತ್ತಿನ) ಕ್ಷೇತ್ರದ್ದು. ಟ್ರಂಪ್ ಅವರ ಬಲಗೈಯಂತಿದ್ದ ಇಲ್ಲಿನ ಸದಸ್ಯೆ ಮಾರ್ಜರಿ ಟೇಲರ್ ಗ್ರೀನ್, ಟ್ರಂಪ್ ಜೊತೆಗೇ ಜಗಳ ಮಾಡಿಕೊಂಡು ಈ ಜನವರಿ 5ಕ್ಕೆ ಸೀಟು ಬಿಟ್ಟರು. ಮಾರ್ಚ್ 10ಕ್ಕೆ ಉಪಚುನಾವಣೆ. ರಿಪಬ್ಲಿಕನ್ನರ ಕೋಟೆ, ಆದರೆ ಈಗ ಖಾಲಿ ಸೀಟು, ಅವರ ಮನೆಯಲ್ಲೇ ಜಗಳ. ಇಷ್ಟು ಸಾಕಲ್ವಾ? ಮೆಸೇಜುಗಳು ಶುರುವಾಗಿವೆ.

ಮೊನ್ನೆ ಭಾನುವಾರ ಇಂಡಿಯನ್ ಸ್ಟೋರಿನ ಫ್ರೋಜನ್ ಅವರೆಕಾಳಿನ ಪ್ಯಾಕೆಟ್ ಬಿಚ್ಚಿ ನೆನೆಹಾಕಿದ್ದೆ. ಹಿತುಕುತ್ತಾ ಕೂತ ಒಂದು ಗಂಟೆಯಲ್ಲಿ ಫೋನ್ ಏಳು ಸಲ ಗುಂಯ್ ಅಂದಿತು. ಒಂದರಲ್ಲಿ ನಾವು ಗೆಲುವಿನ ಹೊಸ್ತಿಲಲ್ಲಿದ್ದೇವೆ. ಇನ್ನೊಂದರಲ್ಲಿ ಎಲ್ಲಾ ಮುಳುಗಿಹೋಯಿತು. ಮೂರನೆಯದು ರಾತ್ರಿ ಹನ್ನೆರಡರೊಳಗೆ ಕೊಟ್ಟರೆ ನನ್ನ ದುಡ್ಡು ಮೂರು ಪಟ್ಟಾಗುತ್ತದೆ ಅಂದಿತು. ಯಾರು ಕಳಿಸಿದರೋ, ಹೆಸರು ನೋಡಿದರೆ ಯಾವ ಸಮಿತಿಯೋ ಗೊತ್ತಾಗಲ್ಲ. ಒಂದೇ ಗಂಟೆಯಲ್ಲಿ ಒಂದೇ ಕ್ಷೇತ್ರ ಗೆದ್ದೂ ಆಯಿತು, ಸೋತೂ ಆಯಿತು. ನಮ್ಮನೆಯವರು, "ಇವರಿಗಿಂತ ನಮ್ಮೂರ ಗಿಳಿಶಾಸ್ತ್ರದವನೇ ವಾಸಿ, ದಿನಕ್ಕೊಂದೇ ಭವಿಷ್ಯ ಹೇಳ್ತಿದ್ದ" ಅಂದರು.

ನಾನು ಬೇರೆ ಏನೂ ಕೇಳುತ್ತಿಲ್ಲ. ಎದುರು ಪಕ್ಷದ ಊರಿನಲ್ಲಿ ಖಾಲಿ ಸೀಟಿಗೆ ನಿಂತಾಗ ಗೆಲ್ಲುವ ಸಾಧ್ಯತೆ ನಿಜಕ್ಕೂ ಎಷ್ಟು, ಅದನ್ನು ನಮಗೆ ಇದ್ದ ಹಾಗೆ ಹೇಳಿ. ಕಮ್ಮಿ ಇದ್ದರೂ ಪರವಾಗಿಲ್ಲ. ಕಮ್ಮಿ ಅಂತ ಹೇಳಿದರೂ ಬರುವ ಜನ ನಾವು. ಸುಳ್ಳು ಹೇಳಿದರೆ ಮಾತ್ರ ಮುಂದಿನ ಸಲ ಬರಲ್ಲ.

ಮೊದಲು 14ನೇ ಕ್ಷೇತ್ರದ ಲೆಕ್ಕವನ್ನೇ ನೋಡೋಣ. ರಾಜ್ಯದ ವಾಯವ್ಯ ಮೂಲೆ. ರೋಮ್ ಅನ್ನುವ ಊರು, ಕಾರ್ಪೆಟ್ ಕಾರ್ಖಾನೆಗಳ ಡಾಲ್ಟನ್, ಕೆಳಗೆ ಬಂದರೆ ಕಾಬ್ ಕೌಂಟಿಯ ಒಂದು ತುಂಡು. 2024ರಲ್ಲಿ ಇಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ನಿಂತವರು ಶಾನ್ ಹ್ಯಾರಿಸ್. ಸೈನ್ಯದಲ್ಲಿ ಬ್ರಿಗೇಡಿಯರ್ ಜನರಲ್ ಆಗಿ ನಿವೃತ್ತರಾದವರು, ದನ ಸಾಕುವವರು. ಕಾಗದದ ಮೇಲೆ ಆ ಊರಿಗೆ ಇದಕ್ಕಿಂತ ಹೊಂದುವ ಅಭ್ಯರ್ಥಿ ಸಿಗುವುದು ಕಷ್ಟ. ಆದರೂ ಬಂದಿದ್ದು ಶೇ. 36ರ ಹತ್ತಿರ. ಗ್ರೀನ್ ಅವರಿಗೆ ಶೇ. 64. ಅಂತರ ಸುಮಾರು 29 ಅಂಶ (ಶೇಕಡಾ ಲೆಕ್ಕದಲ್ಲಿ). ಹ್ಯಾರಿಸ್ ಈ ಸಲವೂ ನಿಂತಿದ್ದಾರೆ.

ಈಗ ಹೋದ ಡಿಸೆಂಬರ್ 2ರ ಟೆನ್ನೆಸ್ಸಿ 7ನೇ ಕ್ಷೇತ್ರ ನೆನಪು ಮಾಡಿಕೊಳ್ಳಿ. ಅದೂ ಖಾಲಿ ಸೀಟು. ಅಲ್ಲಿನ ರಿಪಬ್ಲಿಕನ್ ಸದಸ್ಯ ಮಾರ್ಕ್ ಗ್ರೀನ್ ಜುಲೈನಲ್ಲಿ ಬಿಟ್ಟು ಹೋಗಿದ್ದರು. 2024ರಲ್ಲಿ ಟ್ರಂಪ್ ಅಲ್ಲಿ 22 ಅಂಶಗಳಿಂದ ಗೆದ್ದಿದ್ದರು. ನಮ್ಮ ಕಡೆಯಿಂದ ರಾಜ್ಯ ಶಾಸಕಿ ಆಫ್ಟಿನ್ ಬೇನ್. ಅವರ ಕಡೆಯಿಂದ ಸೈನ್ಯದಲ್ಲಿದ್ದ ಮ್ಯಾಟ್ ವ್ಯಾನ್ ಎಪ್ಸ್. ಕಮಲಾ ಹ್ಯಾರಿಸ್ ಬಂದರು, ಸ್ಪೀಕರ್ ಮೈಕ್ ಜಾನ್ಸನ್ ಬಂದರು, ಎರಡೂ ಕಡೆಯಿಂದ ದುಡ್ಡು ಸುರಿಯಿತು. ವ್ಯಾನ್ ಎಪ್ಸ್ ಗೆದ್ದರು, ಸುಮಾರು 9 ಅಂಶಗಳಿಂದ. 22 ಇದ್ದದ್ದು 9ಕ್ಕೆ ಇಳಿಯಿತು. ದೊಡ್ಡ ಇಳಿತವೇ, ನಾನು ಇಲ್ಲ ಅನ್ನಲ್ಲ. ಆದರೆ ಅಷ್ಟೇ ಇಳಿತ 14ನೇ ಕ್ಷೇತ್ರದಲ್ಲಾದರೂ 29ರಿಂದ 16ಕ್ಕೆ ಬರುತ್ತೇವೆ. ಗೆಲುವಲ್ಲ, ಮರ್ಯಾದೆಯ ಸೋಲು. ಈ ಕೂಡು ಕಳೆಯುವ ಲೆಕ್ಕ ನಮ್ಮ ಮಗನೂ ಮಾಡಬಲ್ಲ. ನಿಮ್ಮ ಹತ್ತಿರ ಇದಕ್ಕಿಂತ ಒಳ್ಳೆ ಲೆಕ್ಕ ಹಾಕುವವರಿದ್ದಾರೆ ಅಂತಲೂ ಗೊತ್ತು.

ಅದಕ್ಕೇ ಒಂದು ಎಚ್ಚರಿಕೆ ಮುಂಚೆಯೇ ಹೇಳಿಬಿಡುತ್ತೇನೆ, ಕನ್ನಡದವರಿಗೆ. ಜಾರ್ಜಿಯಾದ ಉಪಚುನಾವಣೆಯಲ್ಲಿ ಎಲ್ಲಾ ಪಕ್ಷದವರೂ ಒಂದೇ ಮತಪತ್ರದಲ್ಲಿ ನಿಲ್ಲುತ್ತಾರೆ. ಅರ್ಧಕ್ಕಿಂತ ಜಾಸ್ತಿ ಯಾರಿಗೂ ಬರದಿದ್ದರೆ ಮೊದಲ ಇಬ್ಬರ ನಡುವೆ ರನ್‌ಆಫ್. 14ರಲ್ಲಿ ರಿಪಬ್ಲಿಕನ್ನರು ಗುಂಪುಗುಂಪಾಗಿ ನಿಂತಿದ್ದಾರೆ, ಅವರ ವೋಟು ಚೂರುಚೂರಾಗುತ್ತದೆ. ಹಾಗಾಗಿ ಮಾರ್ಚ್ 10ರ ರಾತ್ರಿ ಶಾನ್ ಹ್ಯಾರಿಸ್ ಎಲ್ಲರಿಗಿಂತ ಮೇಲೆ ಬಂದರೆ ಆಶ್ಚರ್ಯ ಇಲ್ಲ. ಮರುಕ್ಷಣ ಮೆಸೇಜು ಬರುತ್ತದೆ: ನಾವು ಮುಂದಿದ್ದೇವೆ! ಮುಂದಿರುವುದು ನಿಜ. ಹಂಚಿಹೋದ ಆಸ್ತಿಯಲ್ಲಿ ದೊಡ್ಡ ಪಾಲು ಸಿಕ್ಕ ಹಾಗೆ, ಅಷ್ಟೆ. ಅಣ್ಣತಮ್ಮಂದಿರು ಒಂದಾದ ದಿನ ಲೆಕ್ಕ ಬೇರೆ.

ಇದು ನನಗೆ ಹೇಗೆ ಗೊತ್ತು ಅಂದರೆ, ಒಂದು ಸಲ ಮೋಸ ಹೋಗಿದ್ದೇನೆ. 2017ರಲ್ಲಿ.

ಆಗ ನಮ್ಮ ಬೀದಿ ಜಾರ್ಜಿಯಾದ 6ನೇ ಕ್ಷೇತ್ರದಲ್ಲಿತ್ತು. ಟಾಮ್ ಪ್ರೈಸ್ ಟ್ರಂಪ್ ಸಂಪುಟದಲ್ಲಿ ಆರೋಗ್ಯ ಕಾರ್ಯದರ್ಶಿಯಾಗಿ ಹೋದರು, ಸೀಟು ಖಾಲಿಯಾಯಿತು. ಅದು ರಿಪಬ್ಲಿಕನ್ನರ ಎಂಥ ಕೋಟೆ ಅಂದರೆ, ಪ್ರೈಸ್ ಅವರಿಗಿಂತ ಮುಂಚೆ ಜಾನಿ ಐಸಾಕ್ಸನ್, ಅವರಿಗಿಂತ ಮುಂಚೆ ನ್ಯೂಟ್ ಗಿಂಗ್ರಿಚ್. 2012ರಲ್ಲಿ ಅವರ ಅಧ್ಯಕ್ಷ ಅಭ್ಯರ್ಥಿ ರಾಮ್ನಿ ಇಲ್ಲಿ 23 ಅಂಶಗಳಿಂದ ಗೆದ್ದಿದ್ದರು. ಆದರೆ 2016ರಲ್ಲಿ ಟ್ರಂಪ್ ಗೆದ್ದಿದ್ದು ಬರೀ ಒಂದೂವರೆ ಅಂಶದಿಂದ. ಈ ಬಿರುಕು ನಿಮ್ಮ ಕಣ್ಣಿಗೆ ಬಿತ್ತು. ಬೀಳಬೇಕಾದ್ದೇ.

ನಮ್ಮ ಕಡೆಯಿಂದ ಮೂವತ್ತು ವರ್ಷದ ಜಾನ್ ಆಸಫ್ ನಿಂತರು. ದೇಶದ ಮೂಲೆಮೂಲೆಯಿಂದ ದುಡ್ಡು ಬಂತು, ಅವರೊಬ್ಬರಿಗೇ 3 ಕೋಟಿ ಡಾಲರ್ ಹತ್ತಿರ. ಎರಡೂ ಕಡೆಯದು ಸೇರಿದರೆ 5 ಕೋಟಿ ಡಾಲರ್ ದಾಟಿತು. ಅಲ್ಲಿಯವರೆಗೆ ಅಮೆರಿಕದ ಕೆಳಮನೆಯ ಯಾವ ಸೀಟಿಗೂ ಅಷ್ಟು ಖರ್ಚಾಗಿರಲಿಲ್ಲ. ಟಿವಿ ಹಾಕಿದರೆ ಅದೇ, ಯೂಟ್ಯೂಬ್ ಹಾಕಿದರೆ ಅದೇ. ನನ್ನ ಮಗಳು ಆಗ ಒಂದನೇ ಕ್ಲಾಸು, ರಿಪಬ್ಲಿಕನ್ ಅಭ್ಯರ್ಥಿ ಕ್ಯಾರನ್ ಹ್ಯಾಂಡಲ್ ಜಾಹೀರಾತಿನ ಸಾಲುಗಳನ್ನು ಮಗ್ಗಿಯ ಥರ ಹೇಳುತ್ತಿದ್ದಳು.

ಏಪ್ರಿಲ್ 18ರ ಮೊದಲ ಸುತ್ತಿನಲ್ಲಿ ಹದಿನೆಂಟು ಜನ. ಆಸಫ್‌ಗೆ ಶೇ. 48.1. ಎರಡನೇ ಸ್ಥಾನದ ಹ್ಯಾಂಡಲ್‌ಗೆ ಶೇ. 20 ಕೂಡ ಇಲ್ಲ. ನಾವು ಕುಣಿದಾಡಿದೆವು. ಇನ್ನೇನು, ಎರಡು ಅಂಶ ತಾನೇ? ನಾನಾಗ ಗ್ರೀನ್ ಕಾರ್ಡಿನಲ್ಲಿದ್ದೆ, ವೋಟು ಹಾಕುವ ಹಾಗಿರಲಿಲ್ಲ. ಮನೆ ಬಾಗಿಲು ತಟ್ಟಲು ಮಾತ್ರ ಅಡ್ಡಿಯಿರಲಿಲ್ಲ. ಶನಿವಾರ ಭಾನುವಾರ ಅದೇ ಕೆಲಸ. ಜೂನ್ 20ರ ರನ್‌ಆಫ್ ದಿನ ಜೋರು ಮಳೆ. ರಾತ್ರಿ ಫಲಿತಾಂಶ: ಆಸಫ್‌ಗೆ ಶೇ. 48.2. ಎರಡು ತಿಂಗಳು, ಅಷ್ಟೊಂದು ಕೋಟಿ, ಹೆಚ್ಚಾಗಿದ್ದು ಒಂದು ಅಂಶದ ಹತ್ತರಲ್ಲೊಂದು ಭಾಗ. ಹತ್ತಾರು ಜನರಲ್ಲಿ ಚೆದುರಿದ್ದ ರಿಪಬ್ಲಿಕನ್ ವೋಟು ಮನೆಗೆ ವಾಪಸ್ ಬಂದಿತ್ತು.

ಆ ದುಡ್ಡು ಪೂರ್ತಿ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ಹಂತದ ಮೇಲೆ ದುಡ್ಡು ಉಪ್ಪಿನ ಹಾಗೆ. ಜಾಸ್ತಿ ಹಾಕಿದರೆ ಅಡುಗೆ ಕೆಡುತ್ತದೆ. ಆಸಫ್ ಹೊರಗಿನವನು, ಸ್ಯಾನ್ ಫ್ರಾನ್ಸಿಸ್ಕೋದವರ ಹುಡುಗ, ಕೆಳಮನೆಯ ನಮ್ಮ ಪಕ್ಷದ ನಾಯಕಿ ಪೆಲೋಸಿಯ ಕೈಗೊಂಬೆ ಅಂತ ಅವರು ಜಾಹೀರಾತು ಕೊಟ್ಟಾಗ ಅದು ನಾಟಿದ್ದು ಯಾಕೆ? ದುಡ್ಡು ನಿಜಕ್ಕೂ ಹೊರಗಿನದಾಗಿತ್ತು. ಸಾಲದ್ದಕ್ಕೆ ಅವರು ವಾಸ ಇದ್ದದ್ದೂ ಕ್ಷೇತ್ರದ ಗಡಿಯಾಚೆ. ನಾವು ಕೊಟ್ಟ ಇಪ್ಪತ್ತೈದು ಡಾಲರ್‌ನಿಂದಲೇ ಎದುರಿನವರು ಕಲ್ಲು ಮಾಡಿಕೊಂಡು ನಮಗೆ ಹೊಡೆದರು.

ಈಗ ನನಗೆ ಬೇಕಾದ ಮಾತಿಗೆ ಬರುತ್ತೇನೆ. ಆ ಬೇಸಿಗೆಯ ಒಂದು ಶನಿವಾರ.

ಸ್ವಯಂಸೇವಕರ ಒಂದು ಗುಂಪಿನವರು ಫೋನಿಗೆ ಮಿನಿವ್ಯಾನ್ ಅನ್ನುವ ಆ್ಯಪ್ ಹಾಕಿಸಿ ಮನೆಗಳ ಪಟ್ಟಿ ಕೊಟ್ಟಿದ್ದರು. ಪಟ್ಟಿಯಲ್ಲಿರುವ ಮನೆಗೆ ಮಾತ್ರ ಹೋಗಬೇಕು, ಉಳಿದದ್ದು ದಾಟಬೇಕು. ಜಾನ್ಸ್ ಕ್ರೀಕ್‌ನ ಒಂದು ಬಡಾವಣೆ. ಒಂದೇ ಥರದ ಇಟ್ಟಿಗೆ ಮನೆಗಳು. ಅದರಲ್ಲಿ ಮೂರು ಮನೆಗೊಂದರಂತೆ ಬಾಗಿಲಿಗೆ ತೋರಣ, ಹೊಸ್ತಿಲಲ್ಲಿ ಸ್ಟಿಕ್ಕರ್ ರಂಗೋಲಿ, ಹಿಂದಿನ ಡೆಕ್ಕಿನಲ್ಲಿ ಕರಿಬೇವಿನ ಕುಂಡ. ಆ ಮನೆಗಳಲ್ಲಿ ಒಂದೂ ನನ್ನ ಪಟ್ಟಿಯಲ್ಲಿರಲಿಲ್ಲ. ಮೊದಲು, ಇವರೆಲ್ಲ ನನ್ನ ಹಾಗೆ ಇನ್ನೂ ಸಿಟಿಜನ್ ಆಗಿಲ್ಲವೇನೋ ಅಂದುಕೊಂಡೆ.

ಮೂರನೇ ತೋರಣದ ಮನೆ ದಾಟುವಾಗ ತಡೆಯಲಾಗಲಿಲ್ಲ. ಒಳಗಿನಿಂದ ಒಗ್ಗರಣೆ ವಾಸನೆ ಬರುತ್ತಿತ್ತು, ಇಂಗಿನದು. ಬೆಲ್ ಒತ್ತಿದೆ. ಲುಂಗಿ ಉಟ್ಟ ಒಬ್ಬರು ಬಾಗಿಲು ತೆಗೆದು, ನನ್ನ ಕೈಯಲ್ಲಿದ್ದ ಪಾಂಪ್ಲೆಟ್ ನೋಡಿ ಇಂಗ್ಲಿಷಿನಲ್ಲಿ ನೋ ಥ್ಯಾಂಕ್ಸ್ ಅಂದರು. ಹಿಂದಿನಿಂದ ಅವರ ಹೆಂಡತಿ, "ಯಾರ್ರೀ ಅದು?" ಅಂದಿದ್ದು ಕೇಳಿಸಿತು. ಕನ್ನಡ! ಆಮೇಲೆ ಏನು, ಒಳಗೆ ಕರೆದು ಕೂರಿಸಿ ಮಂಡಕ್ಕಿ ಕೊಟ್ಟರು. ದಾವಣಗೆರೆಯವರು. ಸಿಟಿಜನ್ ಆಗಿ ಒಂಬತ್ತು ವರ್ಷವಾಗಿತ್ತು. ಪ್ರತಿ ನವೆಂಬರ್ ವೋಟು ಹಾಕುತ್ತಾರೆ. "ಒಂಬತ್ತು ವರ್ಷದಲ್ಲಿ ಪಿಜ್ಜಾದವನು ಬಿಟ್ರೆ ಈ ಬಾಗಿಲು ತಟ್ಟಿದ್ದು ನೀವೇ ಮೊದಲು ನೋಡಿ. ಅವರ ಪಾರ್ಟಿಯವರೂ ಬಂದಿಲ್ಲ, ನಿಮ್ಮೋರೂ ಬಂದಿಲ್ಲ" ಅಂದರು.

ಯಾಕೆ ಹೀಗೆ ಅಂತ ಆಮೇಲೆ ವಿಚಾರಿಸಿದೆ. ಜಾರ್ಜಿಯಾದಲ್ಲಿ ಮತದಾರರ ಪಟ್ಟಿಗೆ ಸೇರುವಾಗ ಪಕ್ಷದ ಹೆಸರು ಬರೆಸುವ ಪದ್ಧತಿ ಇಲ್ಲ. ಯಾರು ಯಾವ ಪಕ್ಷದ ಕಡೆ ಅಂತ ಊಹಿಸುವುದು ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಚುನಾವಣೆ) ಯಾವ ಪಕ್ಷದ ಮತಪತ್ರ ಕೇಳಿದರು ಅನ್ನುವುದರ ಮೇಲೆ. ನಮ್ಮವರು ಪ್ರೈಮರಿಗೆ ಹೋಗುವುದು ಕಮ್ಮಿ, ನವೆಂಬರಿಗೆ ಮಾತ್ರ ಹೋಗುತ್ತಾರೆ. ಹಾಗಾಗಿ ಯಾವ ಪಕ್ಷದ ಕಣ್ಣಿಗೂ ಬೀಳುವುದಿಲ್ಲ. ಪಟ್ಟಿಯ ಲೆಕ್ಕಕ್ಕೆ ಅವರು ಇದ್ದೂ ಇಲ್ಲ. ಕೊನೆಯ ಎರಡು ತಿಂಗಳಿಗೆ ಹೊರಗಿನಿಂದ ಬಂದು ಪ್ರಚಾರ ನಡೆಸುವವರಿಗೆ ಇದು ಗೊತ್ತಾಗುವುದು ಹೇಗೆ? ಊರಿನಲ್ಲಿ ಇರುವವರಿಗೆ ಮೂಗಿಗೇ ಗೊತ್ತಾಗುತ್ತದೆ.

ಇನ್ನೊಂದು ಸಂಗತಿ ಕೇಳಿ. 2016ರಲ್ಲಿ ಇದೇ 6ನೇ ಕ್ಷೇತ್ರದಲ್ಲಿ ಪ್ರೈಸ್ ಎದುರು ಒಬ್ಬ ಡೆಮಾಕ್ರಟಿಕ್ ಅಭ್ಯರ್ಥಿ ಇದ್ದರು. ಇದ್ದರು ಅಂತ ಹೇಳುವುದೇ ಕಷ್ಟ. ವೆಬ್‌ಸೈಟ್ ಇಲ್ಲ, ಸಭೆ ಇಲ್ಲ, ಕಣ್ಣಾರೆ ಕಂಡವರೇ ಅಪರೂಪ. ಇಂಥ ಮನುಷ್ಯ ನಿಜಕ್ಕೂ ಇದ್ದಾನಾ ಅಂತ ಪತ್ರಕರ್ತರು ಹುಡುಕಿಕೊಂಡು ಹೋಗಿದ್ದರು. ಆ ಮಹಾಶಯರಿಗೆ ಬಿದ್ದ ವೋಟು ಶೇ. 38! ಮತಪತ್ರದಲ್ಲಿ ಹೆಸರು ಇದ್ದದ್ದಕ್ಕೇ 38. ಮರುವರ್ಷ 3 ಕೋಟಿ ಡಾಲರ್ ಖರ್ಚು ಮಾಡಿ 48. ಅದರ ಮುಂದಿನ ವರ್ಷ, 2018ರ ನವೆಂಬರಿನಲ್ಲಿ, ನಮ್ಮ ಪಕ್ಷದ ಲೂಸಿ ಮೆಕ್‌ಬಾತ್ ಅದೇ ಹ್ಯಾಂಡಲ್ ಅವರನ್ನು ಸೋಲಿಸಿದರು. ಶೇ. 50.5. ಸುಮಾರು 3,200 ವೋಟಿನ ಅಂತರ.

ಮೆಕ್‌ಬಾತ್ ಡೆಲ್ಟಾ ವಿಮಾನದಲ್ಲಿ ಪರಿಚಾರಿಕೆಯಾಗಿದ್ದವರು. 2012ರಲ್ಲಿ ಫ್ಲಾರಿಡಾದ ಒಂದು ಪೆಟ್ರೋಲ್ ಬಂಕಿನಲ್ಲಿ, ಕಾರಿನ ಹಾಡಿನ ಸದ್ದು ಜಾಸ್ತಿಯಾಯಿತು ಅಂತ ಒಬ್ಬ ಗುಂಡು ಹಾರಿಸಿ ಅವರ ಹದಿನೇಳು ವರ್ಷದ ಮಗನನ್ನು ಕೊಂದ. ಅವರ ಹತ್ತಿರ ಆಸಫ್ ಹತ್ತಿರ ಇದ್ದಷ್ಟು ದುಡ್ಡು ಇರಲಿಲ್ಲ. ಬಂದೂಕು ನಿಯಂತ್ರಣದ ಸಂಘಟನೆಗಳು ಖರ್ಚು ಮಾಡಿದವು, ನಿಜ. ಆ ವರ್ಷ ದೇಶದ ಗಾಳಿಯೂ ನಮ್ಮ ಕಡೆ ಇತ್ತು, ಅದೂ ನಿಜ. ಆದರೆ ನಾನು ನನ್ನ ಕಣ್ಣಿನಿಂದ ಕಂಡದ್ದು ಇನ್ನೊಂದು. 2017ರ ಜೂನ್ 21ರ ಬೆಳಗ್ಗೆ ಕ್ಯಾಮೆರಾದವರು ಗಂಟುಮೂಟೆ ಕಟ್ಟಿ ಹೋದರು. ಬಾಡಿಗೆ ಆಫೀಸು ಖಾಲಿಯಾಯಿತು. ರಾಸ್‌ವೆಲ್, ಮ್ಯಾರಿಯೆಟಾ ಕಡೆಯ ಹೆಂಗಸರು ಮಾತ್ರ ಹೋಗಲಿಲ್ಲ. ಹೋಗುವುದಾದರೂ ಎಲ್ಲಿಗೆ, ಅವರ ಮನೆ ಅಲ್ಲೇ. ಅಡುಗೆಮನೆಯ ಟೇಬಲ್ ಮೇಲೆ ಪೋಸ್ಟ್‌ಕಾರ್ಡ್ ಬರೆಯುತ್ತಾ ಕೂತಿದ್ದರು. ನನಗೂ ಒಂದು ಕಟ್ಟು ಕೊಟ್ಟರು. ನನ್ನ ಕೈಬರಹ ನೋಡಿ ಎರಡನೇ ಕಟ್ಟು ಕೊಡಲಿಲ್ಲ, ಅದು ಬೇರೆ ಮಾತು.

ಈ "ಹೋಗದೆ ಇರುವುದು" ನಮ್ಮ ಪಕ್ಷದ ಆಸ್ತಿಯೇನಲ್ಲ. ಇದೇ 6ನೇ ನಂಬರಿನ ಕ್ಷೇತ್ರದಲ್ಲಿ ಇದನ್ನು ಮೊದಲು ಮಾಡಿ ತೋರಿಸಿದವರು ಗಿಂಗ್ರಿಚ್. ಅವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಆದರೆ ಕಲಿಯಬೇಕಾದ್ದನ್ನು ಯಾರಿಂದಲಾದರೂ ಕಲಿಯಬೇಕು. ಆಗ ಆ ಕ್ಷೇತ್ರ ಅಟ್ಲಾಂಟಾದ ದಕ್ಷಿಣಕ್ಕೂ ಪಶ್ಚಿಮಕ್ಕೂ ಹರಡಿತ್ತು, ಡೆಮಾಕ್ರಟಿಕ್ ಪಕ್ಷದ ಕೋಟೆ. ಗಿಂಗ್ರಿಚ್ ಕ್ಯಾರಲ್ಟನ್ನಿನ ಕಾಲೇಜಿನಲ್ಲಿ ಇತಿಹಾಸದ ಮೇಷ್ಟರು. 1974ರಲ್ಲಿ ಹಾಲಿ ಸದಸ್ಯ ಜ್ಯಾಕ್ ಫ್ಲಿಂಟ್ ಎದುರು ನಿಂತು ಸೋತರು. 1976ರಲ್ಲಿ ಮತ್ತೆ ಸೋತರು. 1978ರಲ್ಲಿ ಫ್ಲಿಂಟ್ ನಿವೃತ್ತರಾದರು, ಸೀಟು ಖಾಲಿಯಾಯಿತು. ಬಾಗಿಲು ತೆರೆದಾಗ ಹೊಸ್ತಿಲಲ್ಲೇ ನಿಂತಿದ್ದ ಆತ. ಗೆದ್ದ. ಜಾರ್ಜಿಯಾದಿಂದ ಕೆಳಮನೆಗೆ ಆ ವರ್ಷ ಹೋದ ಏಕೈಕ ರಿಪಬ್ಲಿಕನ್. ಹದಿನಾರು ವರ್ಷವಾದ ಮೇಲೆ ಆ ಪಕ್ಷ ಇಡೀ ಕೆಳಮನೆಯನ್ನೇ ಗೆದ್ದಿತು, ಮೇಷ್ಟರು ಸ್ಪೀಕರ್ ಆದರು. (ಗಿಂಗ್ರಿಚ್ ಗೆದ್ದ ಅದೇ ನವೆಂಬರಿನಲ್ಲಿ ನಮ್ಮ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿ ಗೆದ್ದರು. ಅದೂ ಖಾಲಿ ಮಾಡಿದ ಸೀಟೇ. ಆದರೆ ಅದನ್ನು ಅವರಿಗೆ ಅಂತಲೇ ಖಾಲಿ ಮಾಡಿಸಿದ್ದು. ನಮ್ಮಪ್ಪ ಆ ಚುನಾವಣೆಯ ಕಥೆ ಹೇಳದ ಮದುವೆಮನೆ ಇಲ್ಲ.)

ಖಾಲಿ ಸೀಟಿನ ಗುಟ್ಟೇ ಇದು. ಹಾಲಿ ಸದಸ್ಯ ಇರುವತನಕ ಬಾಗಿಲು ಮುಚ್ಚಿರುತ್ತದೆ. ಯಾರದೋ ಪಾಸ್‌ಪೋರ್ಟ್ ತಡವಾದಾಗ ಫೋನ್ ಮಾಡಿರುತ್ತಾರೆ, ಯಾರೋ ಹಳೇ ಸೈನಿಕರ ಪಿಂಚಣಿ ಬಿಡಿಸಿಕೊಟ್ಟಿರುತ್ತಾರೆ, ಹೆಸರು ಬಾಯಿಗೆ ಬಂದಿರುತ್ತದೆ. ಅವರು ಎದ್ದು ಹೋದ ದಿನ ಬಾಗಿಲು ಸ್ವಲ್ಪ ತೆರೆಯುತ್ತದೆ. ಯಾವತ್ತು ಅಂತ ಯಾರಿಗೂ ಮುಂಚೆ ಗೊತ್ತಿರಲ್ಲ. ಹಗರಣ, ಸಾವು, ಮಂತ್ರಿಗಿರಿ, ಜಗಳ, ಯಾವುದೂ ಆಗಬಹುದು.

ಪೆನ್ಸಿಲ್ವೇನಿಯಾದ ಹಳೇ 18ನೇ ಕ್ಷೇತ್ರದಲ್ಲಿ ಹಗರಣದಿಂದ ತೆರೆಯಿತು. ಟಿಮ್ ಮರ್ಫಿ 2017ರಲ್ಲಿ ರಾಜೀನಾಮೆ ಕೊಟ್ಟರು. ಟ್ರಂಪ್ ಅಲ್ಲಿ 20 ಅಂಶಗಳ ಹತ್ತಿರದಿಂದ ಗೆದ್ದಿದ್ದ ಜಾಗ. 2014ರಲ್ಲೂ 2016ರಲ್ಲೂ ಮರ್ಫಿ ಎದುರು ನಮ್ಮ ಪಕ್ಷ ಒಬ್ಬರನ್ನೂ ನಿಲ್ಲಿಸಿರಲಿಲ್ಲ! ಆದರೂ 2018ರ ಮಾರ್ಚಿನಲ್ಲಿ ನಮ್ಮ ಕಾನರ್ ಲ್ಯಾಂಬ್ ಸಾವಿರಕ್ಕಿಂತ ಕಮ್ಮಿ ವೋಟಿನಿಂದ ಗೆದ್ದುಬಿಟ್ಟರು. ಮೆರೀನ್ ಸೈನ್ಯದಲ್ಲಿದ್ದವರು, ಸರ್ಕಾರಿ ವಕೀಲರಾಗಿದ್ದವರು. ಪೆಲೋಸಿ ನಾಯಕತ್ವಕ್ಕೆ ನನ್ನ ಬೆಂಬಲ ಇಲ್ಲ ಅಂತ ನೇರವಾಗಿ ಹೇಳಿದರು, ಉಕ್ಕು ಕಲ್ಲಿದ್ದಲು ಕಾರ್ಮಿಕರ ಯೂನಿಯನ್ ಹಾಲ್‌ಗಳಲ್ಲಿ ಕೂತರು. ಅಲಾಸ್ಕದಲ್ಲಿ ಸಾವಿನಿಂದ ತೆರೆಯಿತು. 49 ವರ್ಷ ಸೀಟು ಹಿಡಿದಿದ್ದ ಡಾನ್ ಯಂಗ್ 2022ರಲ್ಲಿ ತೀರಿಕೊಂಡರು, ಮೂಲನಿವಾಸಿ ಹೆಣ್ಣುಮಗಳು ಮೇರಿ ಪೆಲ್ಟೋಲಾ ಮೀನಿನ ಮಾತಾಡಿ ಗೆದ್ದರು. ಅಲ್ಲಿ ಎದುರಿನವರು ಇಬ್ಬರಾಗಿ ಒಡೆದಿದ್ದರು ಅನ್ನುವುದನ್ನೂ ಮರೆಯಬೇಡಿ. 2024ರಲ್ಲಿ ಆ ಸೀಟು ಕೈ ಬಿಟ್ಟಿತು.

ಊರಿಗೆ ಹೊಂದುವ ಮನುಷ್ಯ ಬೇಕು ಅನ್ನುವುದು ಇದಕ್ಕೇ. ಟೆನ್ನೆಸ್ಸಿಯಲ್ಲಿ ಬೇನ್ ಅವರ ಹಳೇ ಪಾಡ್‌ಕಾಸ್ಟ್ ಒಂದನ್ನು ಎದುರಿನವರು ಹೆಕ್ಕಿ ತೆಗೆದರು. ನ್ಯಾಶ್‌ವಿಲ್ ಕಂಡರೆ ಆಗಲ್ಲ, ಕಂಟ್ರಿ ಸಂಗೀತ ಕಂಡರೆ ಆಗಲ್ಲ ಅಂತ ಐದು ವರ್ಷದ ಹಿಂದೆ ಆಡಿದ ಮಾತು. ಮೈಸೂರಿನಲ್ಲಿ ಚುನಾವಣೆಗೆ ನಿಂತು ದಸರಾ ಕಂಡರೆ ಆಗಲ್ಲ ಅಂದ ಹಾಗೆ. ತಮಾಷೆಗೆ ಅಂದಿದ್ದಿರಬಹುದು. ಜಾಹೀರಾತಿನಲ್ಲಿ ತಮಾಷೆ ಕಾಣಲ್ಲ.

ಇನ್ನೊಂದು ಭ್ರಮೆ ಇದೆ, ಅದನ್ನೂ ಬಿಡಿಸಿ. ಉಪಚುನಾವಣೆಯಲ್ಲಿ ಹತ್ತಿರ ಬಂದರೆ ನವೆಂಬರಿನಲ್ಲಿ ಗೆದ್ದ ಹಾಗೇ ಅನ್ನುವುದು. ಕ್ಯಾನ್ಸಸ್ 4ನೇ ಕ್ಷೇತ್ರದಲ್ಲಿ 2017ರ ಏಪ್ರಿಲ್‌ನಲ್ಲಿ ನಮ್ಮ ಜೇಮ್ಸ್ ಥಾಂಪ್ಸನ್ ಆರೇಳು ಅಂಶಗಳ ಆಸುಪಾಸಿನಲ್ಲಿ ಸೋತು ದೇಶವೇ ಹುಬ್ಬೇರಿಸಿತು. ಅದೇ ಮನುಷ್ಯ, ಅದೇ ಎದುರಾಳಿ, 2018ರ ನವೆಂಬರ್: 19 ಅಂಶಗಳ ಸೋಲು. ಆರಿಜೋನಾದ 8ನೇ ಕ್ಷೇತ್ರದಲ್ಲಿ ಮುಂಬೈಯಲ್ಲಿ ಹುಟ್ಟಿದ ಡಾಕ್ಟರ್ ಹಿರಲ್ ತಿಪಿರ್ನೇನಿ 2018ರ ಏಪ್ರಿಲ್‌ನಲ್ಲಿ 5 ಅಂಶಗಳಿಂದ ಸೋತರು. ನವೆಂಬರಿನಲ್ಲಿ 11. ಆ ಏಪ್ರಿಲ್ ರಾತ್ರಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ "ನೆಕ್ಸ್ಟ್ ಟೈಮ್ ಪಕ್ಕಾ" ಅಂತ ಬರೆದವರಲ್ಲಿ ನಾನೂ ಒಬ್ಬಳು. ಕಾರಣ ಸರಳ. ಉಪಚುನಾವಣೆಗೆ ಬರುವವರು ರಾಜಕೀಯ ತಲೆಗೆ ಹಚ್ಚಿಕೊಂಡವರು, ಈಗೀಗ ಅಂಥವರು ನಮ್ಮ ಕಡೆ ಜಾಸ್ತಿ. ನವೆಂಬರಿಗೆ ಇಡೀ ಊರು ಬರುತ್ತದೆ.

ಟೆಕ್ಸಾಸ್ 22ನೇ ಕ್ಷೇತ್ರದ್ದಂತೂ ನಮ್ಮವರಿಗೆಲ್ಲ ಗೊತ್ತು. ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್. 2018ರಲ್ಲಿ ಶ್ರೀ ಪ್ರೆಸ್ಟನ್ ಕುಲಕರ್ಣಿ 5 ಅಂಶಗಳಿಂದ ಸೋತಾಗ, ಮುಂದಿನ ಸಲ ಹಾಲಿ ಸದಸ್ಯ ಪೀಟ್ ಓಲ್ಸನ್ ನಿಲ್ಲಲಿಲ್ಲ. ಖಾಲಿ ಸೀಟು, ತುಂಬಾ ಏಷ್ಯಾದ ಜನ, ಹತ್ತಾರು ಭಾಷೆಯಲ್ಲಿ ಫೋನ್ ಮಾಡುವ ಹುಡುಗರು. ಎಲ್ಲರೂ ಗೆದ್ದೇ ಗೆಲ್ಲುತ್ತಾರೆ ಅಂದರು. 2020ರಲ್ಲಿ 7 ಅಂಶಗಳ ಹತ್ತಿರ ಸೋತರು. ಅಧ್ಯಕ್ಷರ ಚುನಾವಣೆಯ ವರ್ಷ, ಎರಡೂ ಕಡೆಯವರು ಬಂದರು. ನಮ್ಮವರು ಸಂಸತ್ತಿಗೆ ಹೋಗಿಲ್ಲ ಅಂತಲ್ಲ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಮಿಶಿಗನ್ನಿನಿಂದ ಹೋಗಿದ್ದಾರೆ. ಆದರೆ ಅದು ಡೆಟ್ರಾಯಿಟ್, ನಮ್ಮ ಕೋಟೆ. ಅಲ್ಲಿ ಕಷ್ಟ ಇರುವುದು ಟಿಕೆಟ್ ಗೆಲ್ಲುವುದರಲ್ಲಿ.

ಎದುರು ಪಕ್ಷದ ಕೋಟೆ ಅನ್ನುತ್ತೇವಲ್ಲ, ಅದರಲ್ಲಿ ಅರ್ಧ ಪೆನ್ಸಿಲ್‌ನಿಂದ ಕಟ್ಟಿದ್ದು. ನ್ಯಾಶ್‌ವಿಲ್ ಊರನ್ನು 2022ರಲ್ಲಿ ಮೂರು ತುಂಡು ಮಾಡಿ ಮೂರು ಕ್ಷೇತ್ರಕ್ಕೆ ಹಂಚಿದರು. ವರ್ಷಗಟ್ಟಲೆ ಆ ಊರಿನ ಸದಸ್ಯರಾಗಿದ್ದ ನಮ್ಮ ಪಕ್ಷದ ಜಿಮ್ ಕೂಪರ್ ನಕ್ಷೆ ನೋಡಿದವರೇ ಕೈ ಚೆಲ್ಲಿದರು. ಜಾರ್ಜಿಯಾದಲ್ಲಿ 2021ರಲ್ಲಿ 6ನೇ ಕ್ಷೇತ್ರವನ್ನು ಉತ್ತರಕ್ಕೆ ಎಳೆದು ಮತ್ತೆ ರಿಪಬ್ಲಿಕನ್ನರದ್ದು ಮಾಡಿದರು. ಮೆಕ್‌ಬಾತ್ ಪಕ್ಕದ 7ಕ್ಕೆ ಹೋಗಬೇಕಾಯಿತು, ಅಲ್ಲಿ ತಮ್ಮದೇ ಪಕ್ಷದ ಸದಸ್ಯೆಯ ಎದುರು. ನಾವು ಐದು ವರ್ಷ ಬಾಗಿಲು ತಟ್ಟಿ ಗಳಿಸಿದ್ದು ಒಂದು ಸಂಜೆಯ ಗೆರೆಯಲ್ಲಿ ಹೋಯಿತು. ಈ ಗೆರೆ ಎಳೆಯುವವರು ರಾಜ್ಯದ ಶಾಸಕರು. ಅಲ್ಲಿನ ಸೀಟುಗಳಿಗೆ ಯಾವ ಮೆಸೇಜೂ ಬರಲ್ಲ. ಆ ಸೀಟುಗಳ ಖರ್ಚು ನೋಡಿದರೆ, ನೀವು ಒಂದು ವಾರ ಟಿವಿಗೆ ಹಾಕುವುದರಲ್ಲಿ ಎಷ್ಟೋ ಆಗುತ್ತದೆ.

ಆದರೂ ನನಗೆ ಪೂರ್ತಿ ನಿರಾಸೆ ಇಲ್ಲ. ಹೋದ ನವೆಂಬರಿನಲ್ಲಿ ಜಾರ್ಜಿಯಾದ ಸಾರ್ವಜನಿಕ ಸೇವಾ ಆಯೋಗದ ಎರಡು ಸ್ಥಾನಕ್ಕೆ ಚುನಾವಣೆ ಆಯಿತು. ಕರೆಂಟ್ ದರ ನಿಗದಿ ಮಾಡುವ ಆಯೋಗ, ಹೆಸರು ಕೇಳಿದರೇ ಆಕಳಿಕೆ ಬರುವಂಥದ್ದು. ಅಲಿಸಿಯಾ ಜಾನ್ಸನ್, ಪೀಟರ್ ಹಬರ್ಡ್, ಇಬ್ಬರೂ ನಮ್ಮ ಪಕ್ಷದವರು, ಇಡೀ ರಾಜ್ಯದಲ್ಲಿ ಶೇ. 60ಕ್ಕಿಂತ ಜಾಸ್ತಿ ವೋಟಿನಿಂದ ಗೆದ್ದರು. ಯಾವ ಮಹಾ ತಾರೆಯೂ ಬಂದು ಹಾಡಿರಲಿಲ್ಲ. ಕರೆಂಟ್ ಬಿಲ್ ಎಲ್ಲರ ಮನೆಗೂ ಬಂದಿತ್ತು, ಅಷ್ಟೆ. ರಿಪಬ್ಲಿಕನ್ ಮನೆಗೂ.

ಹಾಗಾಗಿ 14ನೇ ಕ್ಷೇತ್ರಕ್ಕೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಹೋಗಿ. ಗೆಲ್ಲುವುದು ಕಷ್ಟ, 16 ಅಂಶಗಳಿಂದ ಸೋತರೂ ಅದು ಸಾಧನೆಯೇ ಅಂತ ದುಡ್ಡು ಕೇಳುವಾಗಲೇ ಹೇಳಿ. ಡಾಲ್ಟನ್ನಿನಲ್ಲಿ ಒಂದು ಆಫೀಸು ಮಾಡಿ, ಏಪ್ರಿಲ್‌ನಲ್ಲಿ ಬೀಗ ಹಾಕಬೇಡಿ. ನವೆಂಬರ್ 3ಕ್ಕೆ ಮತ್ತೆ ಅದೇ ಸೀಟಿಗೆ ಚುನಾವಣೆ ಇದೆ, 2028ಕ್ಕೂ ಇರುತ್ತದೆ. ಬಾಡಿಗೆಗೆ ಬೇಕಾದರೆ ನನ್ನ ಇಪ್ಪತ್ತೈದು ಡಾಲರ್ ತಿಂಗಳು ತಿಂಗಳೂ ತಗೊಳ್ಳಿ. ರಾತ್ರಿ ಹನ್ನೆರಡರ ಗಡುವು ಬೇಡ.

ಕನ್ನಡದವರೇ, ನಿಮಗೂ ಒಂದು ಮಾತು. ಮೂರು ಪಟ್ಟು ಆಗುತ್ತದೆ ಅಂತ ಯಾರಾದರೂ ಬರೆದರೆ ಸುಮ್ನೆ ಡಿಲೀಟ್ ಮಾಡಿ. ಕೊಡುವುದಿದ್ದರೆ ಅಭ್ಯರ್ಥಿಯ ಸ್ವಂತ ಪುಟ ಹುಡುಕಿ ಕೊಡಿ. ಅದಕ್ಕಿಂತ, ಮೇ ತಿಂಗಳ ಪ್ರೈಮರಿಗೆ ಹೋಗಿ ಒಂದು ಮತಪತ್ರ ಕೇಳಿ, ಯಾವ ಪಕ್ಷದ್ದಾದರೂ ಸರಿ. ಒಂದು ಪಟ್ಟಿಯಲ್ಲಾದರೂ ನಿಮ್ಮ ಮನೆ ಇರಲಿ.

ನಾನು ಫೆಬ್ರುವರಿಯ ಮೊದಲ ಶನಿವಾರ ಡಾಲ್ಟನ್ನಿಗೆ ಹೋಗುತ್ತಿದ್ದೇನೆ. ನಮ್ಮನೆಯಿಂದ ಒಂದೂವರೆ ಗಂಟೆ. ಸಂಕ್ರಾಂತಿ ಕಾರ್ಯಕ್ರಮದಲ್ಲಿ ಎಳ್ಳು ಬೆಲ್ಲ ಕೊಡುವಾಗ ಆ ದಾವಣಗೆರೆಯವರಿಗೆ ಹೇಳಿದೆ. 2017ರಲ್ಲಿ ಯಾರಿಗೆ ಹಾಕಿದರು ಅಂತ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ ಅವರು, ನಾನೂ ಕೇಳಿಲ್ಲ. "ಗೆಲ್ತೀರಾ?" ಅಂದರು. ಇಲ್ಲ ಅಂದೆ. ನಕ್ಕರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಎಳ್ಳಿನ ಪೊಟ್ಟಣದ ಮೇಲೇ ಒಂದು ವಿಳಾಸ ಬರೆದುಕೊಟ್ಟರು. ಹೈವೇ 75ರ ಪಕ್ಕ ಅವರ ಗುಜರಾತಿ ಸ್ನೇಹಿತರೊಬ್ಬರ ಮೋಟೆಲ್. ಗಂಡ ಹೆಂಡತಿ, ಇಬ್ಬರು ದೊಡ್ಡ ಮಕ್ಕಳು, ನಾಲ್ಕು ವೋಟು. ಮೋಟೆಲ್ಲಿನ ಹಿಂದಿನ ರೂಮಿನಲ್ಲೇ ವಾಸ, ಬೆಲ್ ಮುಂದಿನ ಕೌಂಟರಿನಲ್ಲಿದೆಯಂತೆ. ಪೊಟ್ಟಣ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದೇನೆ. ನಿಮ್ಮ ಪಟ್ಟಿ ಕಳಿಸಿದಾಗ ಹೋಲಿಸಿ ನೋಡುತ್ತೇನೆ.

ಇಂತಿ,
ಜಾನ್ಸ್ ಕ್ರೀಕ್‌ನ ಒಬ್ಬ ಮತದಾರಳು